ಚರಗದ ಬುಟ್ಟಿ ಯಾರ ತಲೆಯ ಮೇಲೆ

2023ರಲ್ಲಿ ಎಳ್ಳ ಅಮಾವಾಸ್ಯೆ ಬರಲೇ ಇಲ್ಲ. 2024ರಲ್ಲಿ ಎರಡು ಸಲ ಬಂತು, ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ. 2026ರ ಕ್ಯಾಲೆಂಡರನ್ನು ಪೂರ್ತಿ ತಿರುವಿದರೂ ಅದು ಸಿಗುವುದಿಲ್ಲ. 2025ರ ಡಿಸೆಂಬರ್ 19ರ ನಂತರದ ಎಳ್ಳ ಅಮಾವಾಸ್ಯೆ ಬರುವುದು 2027ರ ಜನವರಿ 7ಕ್ಕೆ. ಲೆಕ್ಕ ಸರಳವಾಗಿದೆ. ಚಾಂದ್ರಮಾನದ ಹನ್ನೆರಡು ತಿಂಗಳು ಕೂಡಿದರೆ ಸುಮಾರು 354 ದಿನ, ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಕೊರತೆ ತುಂಬಿಸಲು ಎರಡೂವರೆ, ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ರದು ಅಧಿಕ ಜ್ಯೇಷ್ಠ. ಆಮೇಲಿನ ಹಬ್ಬಗಳೆಲ್ಲ ತಡವಾಗುತ್ತವೆ, ಮಾರ್ಗಶಿರದ ಅಮಾವಾಸ್ಯೆಯಾದ ಎಳ್ಳ ಅಮಾವಾಸ್ಯೆ ಡಿಸೆಂಬರ್ ದಾಟಿ ಜನವರಿಗೆ ಬೀಳುತ್ತದೆ.

ಅಫಜಲಪುರ ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕವಳಾಗಿದ್ದಾಗ ಈ ಲೆಕ್ಕದ ಅಗತ್ಯವೇ ನನಗಿರಲಿಲ್ಲ. ಹಿಂಗಾರಿ ಜೋಳ ಎದೆಮಟ್ಟ ಬೆಳೆದು ತೆನೆ ಹೊರಬಿದ್ದಾಗ, ಕಡಲೆ ಹೊಲದಲ್ಲಿ ಸುಲಗಾಯಿ ತುಂಬಿದಾಗ, ಹಬ್ಬ ತಾನಾಗಿ ಬರುತ್ತಿತ್ತು. ಈಗ ನಾನಿರುವುದು ಪುಣೆ ಜಿಲ್ಲೆ ದೌಂಡ್ ತಾಲ್ಲೂಕಿನ ಕುರಕುಂಭದಲ್ಲಿ, ಇಲ್ಲಿನ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ವರ್ಷದ ಕೊನೆಗೆ ಗೋಡೆಗೆ ಅಂಟಿಸುವ ರಜೆ ಪಟ್ಟಿ ಜನವರಿಯಿಂದ ಡಿಸೆಂಬರಿನವರೆಗಿನದು. ಅದರಲ್ಲಿ ಎಳ್ಳ ಅಮಾವಾಸ್ಯೆ ಯಾವ ವರ್ಷವೂ ಇರುವುದಿಲ್ಲ. ಹಾಗಾಗಿ ಪಂಚಾಂಗ ನೋಡಿ, ಶಿಫ್ಟ್ ಪಟ್ಟಿ ನೋಡಿ, ಉಳಿದ ರಜೆ ಎಣಿಸಿ, ನಾವೇ ಹಬ್ಬವನ್ನು ಹುಡುಕಿಕೊಂಡು ಹೋಗಬೇಕು. ದೊಡ್ಡವರಾಗುವುದರ ಮೊದಲ ಗುರುತು ಇದೇ ಎಂದು ನನಗನ್ನಿಸುತ್ತದೆ. ತಾನಾಗಿ ಬರುತ್ತಿದ್ದದ್ದನ್ನು ಈಗ ಯಾರಾದರೂ ತರಬೇಕಾಗುತ್ತದೆ.

ಕುರಕುಂಭ ಪುಣೆ–ಸೋಲಾಪುರ ಹೆದ್ದಾರಿಯ ಮೇಲಿದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳಿಂದಾಗಿ ಹೊರಗಿನವರಿಗೆ ಈ ಹೆಸರು ಗೊತ್ತು. ಊರಿನವರಿಗೆ ಇದು ಫಿರಂಗಾಯಿ ದೇವಿಯ ಊರು, ನವರಾತ್ರಿಯಲ್ಲಿ ಆ ದೇವಿಯದೇ ಸಂಭ್ರಮ. ಹತ್ತಿರದ ದೌಂಡ್ ಜಂಕ್ಷನ್ ನಮ್ಮಂಥವರ ಬಾಗಿಲು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಸೋಲಾಪುರ ದಾಟಿ ಕಲಬುರಗಿ, ಸುಮಾರು 300 ಕಿಲೋಮೀಟರ್. ದೌಂಡ್ ಪಕ್ಕ ಹರಿಯುವ ಭೀಮಾ ನದಿ ಉಜನಿ ಅಣೆಕಟ್ಟಿನಲ್ಲಿ ನಿಂತು, ಪಂಢರಪುರ ಮುಟ್ಟಿ, ಮುಂದೆ ನಮ್ಮ ಅಫಜಲಪುರದ ಸೀಮೆಗೇ ಬರುತ್ತದೆ. ಅದೇ ದಾರಿಯಲ್ಲಿ ಎದುರುಮುಖವಾಗಿ ನಾವು ಬಂದೆವು. ಕಲಬುರಗಿ, ವಿಜಯಪುರ, ಅಕ್ಕಲಕೋಟದ ಕಡೆಯಿಂದ ಬಂದು ಗುತ್ತಿಗೆಯ ಮೇಲೋ ಕಾಯಂ ಆಗಿಯೋ ದುಡಿಯುವ ಒಂದಷ್ಟು ಮನೆಗಳು ನಮ್ಮ ಸುತ್ತ ಇವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ.

ಎಳ್ಳ ಅಮಾವಾಸ್ಯೆಯನ್ನು ಅರಿಯದವರಿಗೆ ಅದೇನೆಂದು ಹೇಳಬೇಕು. ಕಲಬುರಗಿ, ಬೀದರ್, ವಿಜಯಪುರದ ಎರೆಭೂಮಿಯಲ್ಲಿ ಇದಕ್ಕಿಂತ ದೊಡ್ಡ ಹೊಲದ ಹಬ್ಬ ಇನ್ನೊಂದಿಲ್ಲ. ಪಕ್ಕದ ಲಾತೂರ್, ಧಾರಾಶಿವ ಜಿಲ್ಲೆಗಳ ಮರಾಠಿ ರೈತರೂ ಇದನ್ನು ಅಷ್ಟೇ ಅಕ್ಕರೆಯಿಂದ ಮಾಡುತ್ತಾರೆ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ. ಮನೆಯಿಂದ ತಂದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ, ಬೆಳೆಯ ನಡುವೆ ನಾಲ್ಕೂ ದಿಕ್ಕಿಗೆ ಚೆಲ್ಲುತ್ತ ಕೂಗುತ್ತ ನಡೆಯುತ್ತಾರೆ. ಅದೇ ಚರಗ ಚೆಲ್ಲುವುದು. ಕಾಳು ಕಟ್ಟುತ್ತಿರುವ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬ ನಂಬಿಕೆ ಇದರ ಹಿಂದಿದೆ. ಚರಗ ಮುಗಿದ ಮೇಲೆ ಕಂಬಳಿ ಹಾಸಿ ಊಟ. ಸ್ವಂತ ಹೊಲವಿಲ್ಲದವರನ್ನು ಇದ್ದವರು ಕರೆಯುತ್ತಾರೆ, ದಾರಿಯಲ್ಲಿ ಹೋಗುವವರನ್ನೂ ಬಿಡುವುದಿಲ್ಲ.

ಆ ಊಟದಲ್ಲಿ ಭಜ್ಜಿ ಪಲ್ಯವೇ ಮುಖ್ಯ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಅಲಸಂದಿ, ಬದನೆ, ಮೆಂತ್ಯ, ಪುಂಡಿ ಸೊಪ್ಪು, ಆ ಕಾಲಕ್ಕೆ ಹೊಲದಲ್ಲಿ ಸಿಕ್ಕಿದ್ದೆಲ್ಲ ಹಾಕಿ, ಹುಣಸೆ ಹುಳಿ ಬಿಟ್ಟು, ಕಡಲೆ ಹಿಟ್ಟು ಕದಡಿ ಕುದಿಸಿದ್ದು. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಸಜ್ಜೆ ಕಡಬು, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಡಿಕೆಯಲ್ಲಿ ಅಂಬಲಿ. ಅಂಬಲಿ ಹಿಂದಿನ ರಾತ್ರಿಯೇ ಆಗಿರಬೇಕು, ಬೆಳಗ್ಗೆಗೆ ಸಣ್ಣಗೆ ಹುಳಿಯೊಡೆದಿರಬೇಕು. ಕಡಬು ನಸುಕಿಗೆ ಬೆಂದಿರಬೇಕು. ಸಜ್ಜೆ ರೊಟ್ಟಿಗಳು ಎರಡು ದಿನ ಮೊದಲೇ ತಯಾರಾಗಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯ ತಳ ಸೇರಿರಬೇಕು.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಮಗುವಾಗಿದ್ದಾಗಿನ ನನ್ನ ನೆನಪಿನಲ್ಲಿ ಈ "ಮೊದಲೇ" ಎನ್ನುವುದೊಂದೂ ಇಲ್ಲ. ಬಂಡಿಯ ಅಂಚಿಗೆ ಕಾಲು ಇಳಿಬಿಟ್ಟು ಕೂತದ್ದಿದೆ, ಎತ್ತಿನ ಕೊರಳ ಗೆಜ್ಜೆಯಿದೆ, ಸುಲಗಾಯಿ ಕಿತ್ತು ತಿಂದಾಗ ತುಟಿಗೆ ಹತ್ತಿದ ಹುಳಿಯಿದೆ, ಚರಗ ಚೆಲ್ಲುವ ಮುತ್ಯಾನ ಹಿಂದೆ ಗಂಟಲು ಬಿರಿಯುವಂತೆ ಕೂಗುತ್ತ ಓಡಿದ್ದಿದೆ. ಬುಟ್ಟಿಯಂತೂ ತುಂಬಿಕೊಂಡೇ ಇರುತ್ತಿತ್ತು. ಅದನ್ನು ತುಂಬಿದವರು ಯಾರು, ಯಾವಾಗ ಎದ್ದರು, ರಾತ್ರಿ ಮಲಗಿದರೋ ಇಲ್ಲವೋ, ಮಗುವಿನ ಕಣ್ಣಿಗೆ ಅದು ಬೀಳುವುದಿಲ್ಲ. ಬೀಳಬೇಕೂ ಇಲ್ಲ. ಮಗುವಿಗೆ ಹಬ್ಬವೆಂದರೆ ಆಗಲೇ ಸಿದ್ಧವಾಗಿರುವ ಲೋಕ.

ಬೆಳೆದಂತೆ ಹಬ್ಬ ಸಪ್ಪೆಯಾಯಿತು ಎನ್ನುವವರನ್ನು ಎಲ್ಲೆಡೆ ಕಾಣುತ್ತೇವೆ. ಇದಕ್ಕೆ ಮನಶ್ಶಾಸ್ತ್ರ ಕೊಡುವ ಕಾರಣಗಳೂ ಇವೆ. ಫ್ರಾನ್ಸಿನ ದಾರ್ಶನಿಕ ಪಾಲ್ ಜಾನೆ 19ನೆಯ ಶತಮಾನದಲ್ಲೇ ಒಂದು ಲೆಕ್ಕ ಹೇಳಿದ್ದ. ಹತ್ತು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಬದುಕಿನ ಹತ್ತನೆಯ ಒಂದು ಪಾಲು, ಐವತ್ತರವನಿಗೆ ಐವತ್ತನೆಯ ಒಂದು ಪಾಲು ಮಾತ್ರ, ಅದಕ್ಕೇ ವರ್ಷಗಳು ಬರುಬರುತ್ತ ಗಿಡ್ಡವಾಗುತ್ತವೆ ಎಂದು. ಅಮೆರಿಕದ ವಿಲಿಯಂ ಜೇಮ್ಸ್ 1890ರ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ಇದನ್ನು ಎತ್ತಿಕೊಂಡು, ಈ ಲೆಕ್ಕದಿಂದ ಅನುಭವ ಎಂಥದೆಂದು ತಿಳಿಯುತ್ತದೆಯೇ ಹೊರತು ಅದರ ಕಾರಣ ತಿಳಿಯುವುದಿಲ್ಲ ಎಂದ. ಅವನ ಪ್ರಕಾರ ಕಾರಣ ನೆನಪಿನ ಏಕತಾನತೆ. ಎಳವೆಯಲ್ಲಿ ಪ್ರತಿ ದಿನವೂ ಹೊಸತು, ಆಮೇಲೆ ದಿನಗಳು ಒಂದರೊಳಗೊಂದು ಕರಗಿ ಹೋಗುತ್ತವೆ. ಶಿಫ್ಟಿನ ಬದುಕು ಬದುಕಿದವರಿಗೆ ಜೇಮ್ಸನ ಮಾತು ತಟ್ಟನೆ ಅರ್ಥವಾಗುತ್ತದೆ.

ಆದರೂ ನನಗೆ ಈ ವಿವರಣೆ ಅರ್ಧ ದಾರಿಗೇ ನಿಂತಂತೆ ಕಾಣುತ್ತದೆ. ಕಾಲ ಓಡುತ್ತದೆ ಎಂಬುದರಿಂದ ಹಬ್ಬ ಚಿಕ್ಕದಾಗಬಹುದು, ಭಾರವಾಗುವುದು ಯಾಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಇನ್ನೊಂದು ಕಡೆಯಿಂದ. ಮೈಕೇಲಾ ಡಿ ಲಿಯೊನಾರ್ಡೊ ಎಂಬ ಅಮೆರಿಕದ ಮಾನವಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದ ಇಟಾಲಿಯನ್ ಮೂಲದ ಕುಟುಂಬಗಳನ್ನು ಅಭ್ಯಸಿಸಿ 1987ರಲ್ಲಿ ಒಂದು ಪ್ರಬಂಧ ಬರೆದರು. ಹಬ್ಬಕ್ಕೆ ಯಾರನ್ನು ಕರೆಯಬೇಕು, ಯಾರಿಗೆ ಪತ್ರ ಬರೆಯಬೇಕು, ಯಾರಿಗೆ ಏನು ಉಡುಗೊರೆ, ಯಾರ ಮುನಿಸು ಹೇಗೆ ತೀರಿಸಬೇಕು ಎಂಬುದನ್ನೆಲ್ಲ ಅವರು ದುಡಿಮೆಯೆಂದೇ ಪರಿಗಣಿಸಿದರು. ಮನೆಗೆಲಸ, ಮಕ್ಕಳ ಆರೈಕೆ, ಹೊರಗಿನ ಸಂಬಳದ ಕೆಲಸ ಇವುಗಳ ಜೊತೆಗೆ ನೆಂಟಸ್ತನ ಉಳಿಸಿಕೊಳ್ಳುವ ಈ ಕೆಲಸವೂ ಹೆಂಗಸರ ಪಾಲಿಗೇ ಬಿದ್ದಿತ್ತು. ಹೆಂಡತಿ ತೀರಿದರೆ ಅಥವಾ ಬಿಟ್ಟುಹೋದರೆ ಆ ಮನೆಯ ನೆಂಟಸ್ತನವೇ ಸೊರಗುತ್ತಿತ್ತು. ಇಟಲಿಯವರ ಕ್ರಿಸ್ಮಸ್ ಊಟಕ್ಕೂ ನಮ್ಮ ಭಜ್ಜಿ ಪಲ್ಯಕ್ಕೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಆದರೆ ಆ ಪ್ರಬಂಧ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವ್ವನೇ. ಸಜ್ಜೆ ಹಿಟ್ಟು ಬೀಸಿಸಿ ತರುವುದರ ಜೊತೆಗೆ, ಯಾವ ಕಾಕಾನ ಮನೆಗೆ ಹೇಳಿಕಳಿಸಬೇಕು, ಯಾವ ಚಿಗವ್ವ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಅವರಿಬ್ಬರನ್ನು ಒಂದೇ ಬಂಡಿಯಲ್ಲಿ ಹೇಗೆ ಕೂರಿಸಬೇಕು ಎಂಬುದೆಲ್ಲ ಅವಳ ತಲೆಯಲ್ಲಿರುತ್ತಿತ್ತು. ಚರಗದ ಬುಟ್ಟಿಯ ಭಾರದಲ್ಲಿ ಇದೂ ಸೇರಿತ್ತು.

ಹಾಗಾದರೆ ದೊಡ್ಡವರಾದಾಗ ಹಬ್ಬದ ರುಚಿ ಕೆಡುವುದು ಹಬ್ಬದ ದೋಷದಿಂದಲ್ಲ. ಇಷ್ಟು ದಿನ ಬೇರೆ ಯಾರೋ ಹೊರುತ್ತಿದ್ದ ಬುಟ್ಟಿ ನಮ್ಮ ತಲೆಗೆ ಬಂದಿರುತ್ತದೆ. ಅಥವಾ ಬರದೆ ಹೋಗಿರುತ್ತದೆ. ಎರಡನೆಯದು ಗಂಡಸರ ಪಾಲಿಗೆ ಹೆಚ್ಚು. "ಮೊದಲಿನ ಹಬ್ಬ ಉಳಿದಿಲ್ಲ" ಎಂದು ಹೆಚ್ಚು ಹಳಹಳಿಸುವವರು ಬುಟ್ಟಿ ಹೊರದೆ ಬೆಳೆದವರೇ ಎಂಬುದು ನಾನು ಸುತ್ತಲೂ ಕಂಡದ್ದು. ಅವರು ಕಳೆದುಕೊಂಡದ್ದು ತಿನ್ನುವವನ ಜಾಗ, ಇನ್ನೂ ಮಾಡುವವನ ಜಾಗಕ್ಕೆ ಅವರು ಬಂದಿಲ್ಲ. ನಡುವೆ ನಿಂತವರಿಗೆ ಹಬ್ಬ ಎರಡೂ ಕಡೆಯಿಂದ ಸಿಗುವುದಿಲ್ಲ.

ಹರೆಯದ ವರ್ಷಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಆಗ ಹಲವರಿಗೆ ಹಬ್ಬವೆಂದರೆ ಮುಜುಗರ, ಗೆಳೆಯರ ಮುಂದೆ ಬಂಡಿಯಲ್ಲಿ ಕೂತು ಹೋಗಲು ನಾಚಿಕೆ. ಅದು ಬರುತ್ತದೆ, ಹೋಗುತ್ತದೆ.

ಪಂಚಮಿಯ ಮಾತು ಬೇರೆ. ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಚಿಕ್ಕವರಿದ್ದಾಗ ಅದು ಬೇವಿನ ಗಿಡದ ಜೋಕಾಲಿ, ಶೇಂಗಾ ಉಂಡಿ, ಎಳ್ಳಿನ ಉಂಡಿ, ಅಳ್ಳಿಟ್ಟು. ಮದುವೆಯಾದ ಮೇಲೆ ಅದೇ ಹಬ್ಬ ಇನ್ನೊಂದಾಗುತ್ತದೆ. ಅಣ್ಣ ಕರೆಯಲು ಬರುತ್ತಾನೋ, ಬಂದರೆ ಅತ್ತೆಮನೆಯವರು ಕಳಿಸುತ್ತಾರೋ, ಹೋದರೆ ತವರಿನಲ್ಲಿ ಎಷ್ಟು ದಿನ, ವರ್ಷವೆಲ್ಲ ಕಾದ ಪ್ರಶ್ನೆಗಳು ಆ ಒಂದು ವಾರದಲ್ಲಿ ಉತ್ತರ ಕೇಳುತ್ತವೆ. ನಮ್ಮ ಜನಪದ ಹಾಡುಗಳಲ್ಲಿ ಪಂಚಮಿ ಮತ್ತು ಅಣ್ಣ ಇಷ್ಟು ಸಲ ಜೊತೆಯಾಗಿ ಬರುವುದು ಇದಕ್ಕೇ. ಎಳ್ಳ ಅಮಾವಾಸ್ಯೆ ವಯಸ್ಸಿನೊಂದಿಗೆ ಭಾರವಾದರೆ, ಪಂಚಮಿ ವಯಸ್ಸಿನೊಂದಿಗೆ ಆಳವಾಯಿತು. ಹೆಣ್ಣುಮಕ್ಕಳಿಗೆ ಕೆಲವು ಹಬ್ಬಗಳು ಬಾಲ್ಯಕ್ಕಿಂತ ದೊಡ್ಡವರಾದ ಮೇಲೇ ಹೆಚ್ಚು ದಕ್ಕುತ್ತವೆ. ಎಲ್ಲ ಹಬ್ಬಗಳೂ ಬಾಲ್ಯದಿಂದ ಇಳಿಯುತ್ತ ಬರುತ್ತವೆ ಎಂಬ ಮಾತನ್ನು ಹಾಗಾಗಿ ನಾನು ಒಪ್ಪುವುದಿಲ್ಲ. ಇಲ್ಲಿ ಕುರಕುಂಭದಲ್ಲಿ ಪಂಚಮಿಗೆ ಅಣ್ಣ ಬರುವುದು ಫೋನಿನಲ್ಲಿ.

"ಯವ್ವಾ, ಈ ಸಲಾನೂ ಬರೂದಿಲ್ಲೇನ?"

"ಎಲ್ಲಿ ಬರ್ಲ್ಯೋ ಅಣ್ಣಾ, ಸುಟ್ಟಿ ಇಲ್ಲ. ಉಂಡಿ ಯಾರ ಕೈಯಾಗರ ಕೊಟ್ಟ ಕಳಸು."

ಉಂಡಿಯ ಡಬ್ಬಿ ಯಾರಾದರೂ ಊರಿನವರ ಚೀಲದಲ್ಲಿ ದೌಂಡ್ ಸ್ಟೇಷನ್ ಮುಟ್ಟುತ್ತದೆ.

"ಸುಟ್ಟಿ ಇಲ್ಲ" ಎಂಬ ಆ ಮಾತಿನ ಹಿಂದೊಂದು ಗಣಿತವಿದೆ, ಅದನ್ನು ಊರಲ್ಲಿರುವವರಿಗೆ ವಿವರಿಸುವುದು ಕಷ್ಟ. 1948ರ ಕಾರ್ಖಾನೆ ಕಾಯ್ದೆಯ ಲೆಕ್ಕದಲ್ಲಿ ವರ್ಷಕ್ಕೆ 240 ದಿನ ದುಡಿದವರಿಗೆ, ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಮುಂದಿನ ವರ್ಷ ಸಂಬಳದ ರಜೆ ಇತ್ತು. 240 ದಿನಕ್ಕೆ 12, 300 ದಿನಕ್ಕೆ 15. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಆ 240ನ್ನು 180ಕ್ಕೆ ಇಳಿಸಿದೆ, 20ಕ್ಕೆ ಒಂದು ಎಂಬುದು ಹಾಗೇ ಇದೆ. ಇದರಲ್ಲೇ ಜ್ವರ, ಮಕ್ಕಳ ಶಾಲೆ, ನೆಂಟರ ಮದುವೆ, ಊರಿನ ಸಾವು. ಉಳಿದದ್ದು ಹಬ್ಬಕ್ಕೆ. ಹೊಲಕ್ಕೆ ಚರಗ ಚೆಲ್ಲಲು ಬೇಕಾದದ್ದು ಒಂದು ಮಧ್ಯಾಹ್ನ. ಇಲ್ಲಿಂದ ಅದಕ್ಕೆ ಹೋಗಿಬರಲು ಕಡಿಮೆಯೆಂದರೆ ಮೂರು ದಿನ, ಅಂದರೆ 60 ದಿನದ ದುಡಿಮೆಯ ಗಳಿಕೆ.

ರಾಸಾಯನಿಕ ಕಾರ್ಖಾನೆಗೆ ಇನ್ನೂ ಒಂದು ತೊಡಕಿದೆ. ರಿಯಾಕ್ಟರಿನೊಳಗೆ ಶುರುವಾದ ಬ್ಯಾಚ್ ಹಬ್ಬವೆಂದು ನಿಲ್ಲುವುದಿಲ್ಲ. ಬಿಸಿ, ಒತ್ತಡ ಹದ್ದುಬಸ್ತಿನಲ್ಲಿರಲು ಯಾರಾದರೂ ಎದುರಿಗಿರಲೇಬೇಕು, ಮಾದರಿ ಪರೀಕ್ಷಿಸಲು ನಮ್ಮಂಥವರು ಪ್ರಯೋಗಾಲಯದಲ್ಲಿರಬೇಕು. ದೀಪಾವಳಿಯ ರಾತ್ರಿಯೂ ಮೂರನೆಯ ಶಿಫ್ಟ್ ನಡೆಯುತ್ತದೆ. ಹಬ್ಬದ ದಿನ ಕೆಲಸಕ್ಕೆ ಬರುವವರು ಯಾರು ಎಂಬುದು ಪ್ರತಿ ಸಲವೂ ಒಂದು ಸಣ್ಣ ಪಂಚಾಯಿತಿ. ಈದಿಗೆ ರಜೆ ಬೇಕಾದವರು ದೀಪಾವಳಿಗೆ ನಿಲ್ಲುತ್ತಾರೆ, ಬಿಹಾರದವರಿಗೆ ಛಠ್‌ಗೆ ಬಿಡಬೇಕು, ಪಂಢರಪುರದ ವಾರಿಗೆ ಹೋಗುವವರು ಆಷಾಢದಲ್ಲಿ ಸಿಗುವುದಿಲ್ಲ. ತುಕಾರಾಮರ ಪಾಲಖಿ ಇದೇ ತಾಲ್ಲೂಕಿನ ಯವತ್, ವರವಂಡ್ ದಾಟಿಕೊಂಡೇ ಬಾರಾಮತಿಯತ್ತ ಹೋಗುತ್ತದೆ, ಮನೆ ಮುಂದೆ ಹೋಗುವ ದೇವರನ್ನು ಹೇಗೆ ಬಿಡುವುದು? ಈ ಅದಲುಬದಲಿನಲ್ಲಿ ನನಗೊಂದು ಒಳ್ಳೆಯತನ ಕಾಣುತ್ತದೆ. ನನ್ನ ಎಳ್ಳ ಅಮಾವಾಸ್ಯೆಗೆ ಮರಾಠಿ ಸಹೋದ್ಯೋಗಿಯೊಬ್ಬರು ಡ್ಯೂಟಿ ಮಾಡಿದ್ದಾರೆ, ಅವರ ಹರತಾಳಿಕೆಗೆ ನಾನು. ದೊಡ್ಡವರ ಹಬ್ಬ ಹೀಗೆ ಇನ್ನೊಬ್ಬರ ಬಿಡುವನ್ನು ಕಡ ಪಡೆದು ಆಗುವಂಥದ್ದು. ಕಾರ್ಖಾನೆಗಳು ವರ್ಷಕ್ಕೆ ಎರಡು ದಿನವನ್ನಾದರೂ, ಯಾವ ಹಬ್ಬಕ್ಕೆ ಬೇಕೋ ಅದಕ್ಕೆ, ಕಾರ್ಮಿಕರ ಆಯ್ಕೆಗೇ ಬಿಡುವುದು ನ್ಯಾಯ. ಸರ್ಕಾರಿ ಕಚೇರಿಗಳಲ್ಲಿ ಪರಿಮಿತ ರಜೆ ಎಂಬ ಏರ್ಪಾಡು ಎಷ್ಟೋ ಕಾಲದಿಂದ ಇದೆ. ನೂರು ಊರಿನವರು ಕೂಡಿ ದುಡಿಯುವ ಕಡೆ ಒಂದೇ ಜಿಲ್ಲೆಯ ಹಬ್ಬದ ಪಟ್ಟಿ ಸಾಲದು.

ಊರಿಗೆ ಹೋಗಲಾಗದ ವರ್ಷ ಇಲ್ಲೇ ಮಾಡುತ್ತೇವೆ. ದೌಂಡ್ ತಾಲ್ಲೂಕಿನ ಕಾಲುವೆ ನೀರಿನ ಭಾಗದಲ್ಲಿ ಕಣ್ಣು ಹಾಯುವವರೆಗೆ ಕಬ್ಬು, ಮಳೆ ನಂಬಿದ ಕಡೆ ಮಾತ್ರ ಹಿಂಗಾರಿ ಜೋಳ. ಪರಿಚಯದ ಒಬ್ಬ ರೈತರನ್ನು ಕೇಳಿದೆವು, ನಿಮ್ಮ ಜೋಳದ ಹೊಲದಲ್ಲಿ ಒಂದು ಮಧ್ಯಾಹ್ನ ಕೂತು ಊಟ ಮಾಡಬಹುದೇ ಎಂದು. ಈ ಕಡೆ ಚರಗದ ರೂಢಿಯಿಲ್ಲ, ಎಳೆ ಜೋಳದ ತೆನೆ ಹುರಿದು ಸೀತೇನಿ ತಿನ್ನುವ ರೂಢಿ ಮಾತ್ರ ಚೆನ್ನಾಗಿದೆ. ಅವರು ಹೂಂ ಅಂದರು, ಹುರಿಯಲು ತೆನೆಯನ್ನೂ ಕೊಟ್ಟರು. ಬಾಡಿಗೆಯ ಟೆಂಪೊದಲ್ಲಿ ಮೂರ್ನಾಲ್ಕು ಮನೆಯವರು ಹೋದೆವು. ಅಂಬಲಿ ಮಡಿಕೆಯ ಬದಲು ಸ್ಟೀಲ್ ಕ್ಯಾನಿನಲ್ಲಿತ್ತು. ದೌಂಡ್ ಸಂತೆಯಲ್ಲಿ ಪುಂಡಿ ಸೊಪ್ಪು ಅಂಬಾಡಿಯೆಂದು ಸಿಕ್ಕಿತು, ಹಸಿ ತೊಗರಿಗೆ ಮೂರು ಕಡೆ ಅಲೆದದ್ದಾಯಿತು. 2024ರ ಡಿಸೆಂಬರಿನ ಅಮಾವಾಸ್ಯೆ ಸೋಮವಾರವಾಗಿತ್ತು. ಸೋಮವತಿ ಅಮಾವಾಸ್ಯೆಗೆ ಜೇಜೂರಿಯ ಖಂಡೋಬನ ಪಾಲಖಿ ಕರ್ಹಾ ನದಿಗೆ ಸ್ನಾನಕ್ಕೆ ಇಳಿಯುತ್ತದೆ, ಸುತ್ತಲಿನವರೆಲ್ಲ ಅತ್ತ ಹೊರಟಿದ್ದರು. ಖಂಡೋಬನೆಂದರೆ ನಮ್ಮ ಮೈಲಾರಲಿಂಗನೇ. ಹಾಗಾಗಿ ಎರಡೂ ಕಡೆಯ ಪೂಜೆ ಒಂದೇ ದಿನಕ್ಕೆ ಕೂಡಿ ಬಂದಿತ್ತು. ಹೊಲ ನಮ್ಮದಲ್ಲ ಎಂಬ ಅಳುಕು ಚರಗ ಚೆಲ್ಲುವವರೆಗೆ ಇತ್ತು. ಬಸುರಿಗೆ ಉಡಿ ತುಂಬುವಾಗ ಅವಳು ಯಾರ ಮನೆಯವಳೆಂದು ಕೇಳುವುದಿಲ್ಲವಲ್ಲ ಎಂದು ನಮ್ಮೊಡನಿದ್ದ ಹಿರಿಯರೊಬ್ಬರು ಅಂದರು.

ಇಲ್ಲಿ ಹುಟ್ಟಿದ ಮಕ್ಕಳಿಗೆ ಇದ್ಯಾವುದೂ ಕೊರತೆಯಾಗಿ ಕಾಣಲಿಲ್ಲ. ಸ್ಟೀಲ್ ಕ್ಯಾನಿನ ಅಂಬಲಿಯೇ ಅವರ ಅಂಬಲಿ. ಇದನ್ನು ದೀಪಾವಳಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿದ್ದೇನೆ. ನಮ್ಮೂರಲ್ಲಿ ಪಾಡ್ಯದ ದಿನ ಸೆಗಣಿಯಲ್ಲಿ ಪಾಂಡವರನ್ನು ಮಾಡಿ, ಹೂವು ಸಿಕ್ಕಿಸಿ, ಹೊಸ್ತಿಲು, ಹಟ್ಟಿಗಳಲ್ಲಿ ಇಡುತ್ತಾರೆ. ನನ್ನ ದೀಪಾವಳಿಯೆಂದರೆ ಅದು. ಮಹಾರಾಷ್ಟ್ರದಲ್ಲಿ ಮಕ್ಕಳು ದೀಪಾವಳಿಗೆ ಮನೆ ಮುಂದೆ ಮಣ್ಣಿನ ಕೋಟೆ ಕಟ್ಟುತ್ತಾರೆ. ಕಲ್ಲು ಜೋಡಿಸಿ, ಗೋಣಿಚೀಲ ಹೊದಿಸಿ, ಕೆಸರು ಬಳಿದು, ರಾಗಿಯೋ ಸಾಸಿವೆಯೋ ಎರಚಿ ಹಸಿರು ಮೊಳೆಯಿಸಿ, ನೆತ್ತಿಯ ಮೇಲೆ ಶಿವಾಜಿ ಮಹಾರಾಜರನ್ನು ಕೂರಿಸುತ್ತಾರೆ, ಬುರುಜಿಗೆ ಮಾವಳೆ ಸೈನಿಕರು. ನಮ್ಮ ಮಕ್ಕಳು ಓಣಿಯ ಮಕ್ಕಳ ಜೊತೆ ಊಟ, ನಿದ್ದೆ ಮರೆತು ಅದನ್ನು ಕಟ್ಟುತ್ತಾರೆ. ಊರಿಂದ ಬಂದ ಅವ್ವ ಅದನ್ನು ಬಗ್ಗಿ ಬಗ್ಗಿ ನೋಡಿ, "ಇದೇನ ಕ್ವಾಟಿ ಕಟ್ಟೀರೋ, ಪಾಂಡವರೆಲ್ಲಿ?" ಎಂದು ಕೇಳಿದಳು. ಮಗ ಕೂಡಲೇ ಕೋಟೆಯ ಬಾಗಿಲ ಪಕ್ಕ ಜಾಗ ತೋರಿಸಿ, "ಆಯಿ, ನೀ ಮಾಡಿಕೊಡು, ಇಲ್ಲಿ ಇಡೂಣು" ಅಂದ. ಅವ್ವ ಸೆಗಣಿ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಹೊರಟೇಬಿಟ್ಟಳು.

ಅವನ ಕೋಟೆಯ ಬಗ್ಗೆ ನನಗೆ ಬಾಲ್ಯದ ಒಂದು ನೆನಪೂ ಇಲ್ಲ. ಆದರೂ ಅವನ ಮುಖದ ಮೇಲಿದ್ದದ್ದನ್ನು ನಾನು ಬಲ್ಲೆ, ಚರಗ ಚೆಲ್ಲುವಾಗ ಮುತ್ಯಾನ ಹಿಂದೆ ಓಡಿದ ಹುಡುಗಿಯದೂ ಅದೇ. ನಮ್ಮ ಊರು, ನಮ್ಮ ಹೊಲ, ನಮ್ಮ ಬಂಡಿ ಇದ್ದರಷ್ಟೇ ಹಬ್ಬಕ್ಕೆ ಆ ಹುರುಪು ಬರುತ್ತದೆಂದು ವಲಸೆ ಬಂದ ತಾಯ್ತಂದೆಯರು ಒಳಗೊಳಗೇ ಕೊರಗುತ್ತಾರೆ, ಮಕ್ಕಳಿಗೆ ಏನೋ ತಪ್ಪಿಸಿದೆವೆಂದು. ಮಕ್ಕಳಿಗೆ ಬೇಕಾದದ್ದು ಕೈ ತುಂಬ ಮಣ್ಣು, ಜೊತೆಗೆ ನಾಲ್ಕು ಜನ, ಮತ್ತು ದೊಡ್ಡವರು ಎಲ್ಲ ಸಿದ್ಧ ಮಾಡಿಡುತ್ತಾರೆಂಬ ಭರವಸೆ. ಫಿರಂಗಾಯಿಯ ನವರಾತ್ರಿ, ಕೋಟೆಯ ದೀಪಾವಳಿ, ಟೆಂಪೊದ ಎಳ್ಳ ಅಮಾವಾಸ್ಯೆ ಇವೆಲ್ಲ ಮೂವತ್ತು ವರ್ಷದ ನಂತರ ಅವರಿಗೆ "ನಮ್ಮ ಕಾಲದ ಹಬ್ಬ"ಗಳಾಗುತ್ತವೆ. ಮೂಲದ್ದು ಯಾವುದು ಎಂಬ ಪ್ರಶ್ನೆ ನಮ್ಮದು, ಅವರದಲ್ಲ.

ಅವರ ಪಾಲಿಗೆ ಬದಲಾಗಬೇಕಾದದ್ದು ಒಂದಿದೆ, ಅದು ಬುಟ್ಟಿಯ ಸಂಗತಿ. ಕಳೆದ ಸಲದಿಂದ ನಮ್ಮ ಮನೆಗಳಲ್ಲಿ ಕೆಲಸ ಹಂಚಿದ್ದೇವೆ. ಸಂತೆ ಗಂಡಸರದು, ಯಾವ ಕಾಳು ಎಷ್ಟು ಎಂದು ಬರೆದುಕೊಡುವುದಿಲ್ಲ, ಅದನ್ನೂ ಅವರೇ ತಿಳಿದಿರಬೇಕು. ತೊಗರಿ, ಅವರೆ ಸುಲಿಯುವುದು ಮಕ್ಕಳದು, ಹುಡುಗ ಹುಡುಗಿ ಎಂಬ ಭೇದವಿಲ್ಲ. ನೆಂಟರಿಗೆ ಫೋನ್ ಮಾಡಿ ಕರೆಯುವುದು ಈಗ ನನ್ನ ಗಂಡನ ಪಾಲು. ಮುನಿಸಿಕೊಂಡ ತಮ್ಮ ಅತ್ತೆಯೊಬ್ಬರಿಗೆ ಮೊದಲು ಯಾರು ಫೋನ್ ಮಾಡಬೇಕೆಂದು ಅವರು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡು, ಕೊನೆಗೆ ತಾವೇ ಮಾಡಿದರು. ಅತ್ತೆ ಬಂದರು, ಬರುವಾಗ ಎರಡು ಡಬ್ಬಿ ಶೇಂಗಾ ಹೋಳಿಗೆಯನ್ನೂ ತಂದರು. ಸಜ್ಜೆ ರೊಟ್ಟಿ ಬಡಿಯಲು ಮಾತ್ರ ನನ್ನ ಜೊತೆ ಇನ್ನೂ ಯಾರೂ ಕೂತಿಲ್ಲ. ಬಿಸಿನೀರು ಹೆಚ್ಚಾದರೆ ಜಿಗಟಾಗುವ, ಕಡಿಮೆಯಾದರೆ ಅಂಚು ಬಿರಿಯುವ ಹಿಟ್ಟು ಅದು, ಕೈಗೆ ಕೂರಲು ವರ್ಷಗಳು ಬೇಕು. ಮಗ ಕಲಿಯುತ್ತೇನೆ ಅಂದಿದ್ದಾನೆ, ಮುಂದಿನ ಸಲ ಅವನ ಪಾಲಿಗೆ ಎಳ್ಳು ಹಚ್ಚುವ ಕೆಲಸದಿಂದ ಶುರು ಮಾಡುತ್ತೇವೆ.